ಕಿವಿಯ ತೂತು, ಕೈಯ ಹಚ್ಚೆ: ಮುಚ್ಚಿಡಬಾರದ ಗಾಯಗಳು

ತೆಂಗಿನ ಮರ ಹತ್ತುವುದಕ್ಕೆಂದು ಕಾಂಡದಲ್ಲಿ ಮೆಟ್ಟಿಲು ಕಡಿಯಬೇಡಿ ಎಂದು ಕಾಸರಗೋಡಿನ ಸಿ.ಪಿ.ಸಿ.ಆರ್.ಐ.ಯವರು ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಕಡಿದ ಜಾಗದಿಂದ ಒಸರುವ ರಸದ ವಾಸನೆಗೆ ಕೆಂಪು ಮೂತಿ ಹುಳು ಹಾರಿ ಬರುತ್ತದೆ, ಗಾಯದಲ್ಲೇ ಮೊಟ್ಟೆ ಇಡುತ್ತದೆ, ಮರಿಗಳು ಒಳಗಿನ ಮೆದು ಭಾಗವನ್ನು ತಿನ್ನುತ್ತಾ ಹೋಗುತ್ತವೆ. ಹೊರಗಿನಿಂದ ನೋಡುವವರಿಗೆ ಮರ ಹಸಿರಾಗಿಯೇ ಇರುತ್ತದೆ. ಗೊತ್ತಾಗುವ ಹೊತ್ತಿಗೆ ಮರದ ತಲೆ ವಾಲಿರುತ್ತದೆ. ಅದಕ್ಕಾಗಿಯೇ ಮರಕ್ಕೆ ಗಾಯವಾದರೆ ನಾವು ಡಾಮರು ಬಳಿಯುತ್ತೇವೆ, ಕಸಿ ಕಟ್ಟುವ ಚಾಕುವನ್ನು ಚೊಕ್ಕಟವಾಗಿ ಒರೆಸಿ ಇಡುತ್ತೇವೆ. ಮರದ ಚರ್ಮಕ್ಕೆ ಇಷ್ಟು ಕಾಳಜಿ ಮಾಡುವ ಮನೆಗಳಲ್ಲಿ, ನಮ್ಮದೇ ಚರ್ಮಕ್ಕೆ ತೂತು ಮಾಡಿಸುವಾಗ, ಹಚ್ಚೆ ಹಾಕಿಸುವಾಗ, ಆ ಸೂಜಿ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ.

ಈ ಅಂಕಣದಲ್ಲಿ ಅಡಿಕೆಯ ಕೊಳೆರೋಗ, ಹಸುವಿನ ಕೆಚ್ಚಲು ಬಾವು, ಮಕ್ಕಳ ವಾಂತಿಭೇದಿ ಇಂಥವುಗಳ ಬಗ್ಗೆ ಬರೆಯುವುದು ರೂಢಿ. ಈ ಸಲ ಬೇರೆ ವಿಷಯ ಎತ್ತಿಕೊಳ್ಳಲು ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಚರ್ಚಿನ ವಾರ್ಷಿಕ ಹಬ್ಬಕ್ಕೆಂದು ಊರಿಗೆ ಬಂದ ನೆರೆಮನೆಯ ಹುಡುಗಿ ಮೂರು ದಿನ ತಲೆಗೆ ಶಾಲು ಹೊದ್ದುಕೊಂಡೇ ತಿರುಗಿದಳು. ಪೇಟೆಯಲ್ಲಿ ಕಾಲೇಜು ಓದುವವಳು. ಶೀತ ಆಗಿರಬೇಕು ಎಂದು ತಾಯಿ ಕಷಾಯ ಮಾಡಿ ಕೊಟ್ಟರು. ಎರಡನೇ ದಿನವೇ ನಾನು ಅವಳನ್ನು ನೋಡಿದ್ದೆ. ಸೆಕೆಗೆ ಎಲ್ಲರೂ ಬೀಸಣಿಗೆ ಹಿಡಿದು ಕೂತಿರುವಾಗ ಇವಳಿಗೇಕೆ ಶಾಲು ಎಂದು ಅನಿಸಿತ್ತು. ಕೇಳಲಿಲ್ಲ. ಮೂವತ್ತು ವರ್ಷ ದಾದಿಯ ಕೆಲಸ ಮಾಡಿದವಳು ನಾನು, ಕೇಳಬೇಕಿತ್ತು. ನಾಲ್ಕನೇ ದಿನ ಜ್ವರ ಏರಿದಾಗ ಅವಳೇ ನಮ್ಮ ಹಿತ್ತಿಲಿಗೆ ಬಂದಳು. "ಅಮ್ಮನಿಗೆ ಹೇಳ್ಬೇಡಿ ಆಂಟಿ, ಬೈತಾರೆ" ಎಂದು ಶಾಲು ಸರಿಸಿದಳು. ಕಿವಿಯ ಮೇಲರ್ಧ ಹಣ್ಣಾದ ಗೇರುಹಣ್ಣಿನ ಹಾಗೆ ಕೆಂಪಾಗಿ ಊದಿ ತಲೆಯಿಂದ ಮುಂದಕ್ಕೆ ಚಾಚಿಕೊಂಡಿತ್ತು. ಎರಡು ವಾರ ಹಿಂದೆ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಮೇಲ್ಗಿವಿಗೆ ತೂತು ಹಾಕಿಸಿಕೊಂಡಿದ್ದಳಂತೆ.

ಆಸ್ಪತ್ರೆಯಲ್ಲಿ ಕಿವಿ ಸೀಳಿ ಕೀವು ತೆಗೆದರು, ಹತ್ತು ದಿನ ಔಷಧಿ ಕೊಟ್ಟರು. ಜ್ವರ ಇಳಿಯಿತು, ನೋವು ಹೋಯಿತು. ಆದರೆ ಕಿವಿಯ ಮೇಲಂಚು ಒಣಗಿದ ಎಲೆಯ ಹಾಗೆ ಮುದುಡಿ ಉಳಿಯಿತು. ಮೊದಲ ದಿನವೇ ಬಂದಿದ್ದರೆ ಬಹುಶಃ ಹಾಗಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅಮ್ಮ ಬೈದರೇ ಎಂದು ಕೇಳುತ್ತೀರಾ? ಇಲ್ಲ. ಅತ್ತರು, ಅಷ್ಟೆ.

ಕೆಳಗಿವಿ ಬೇರೆ, ಮೇಲ್ಗಿವಿ ಬೇರೆ

ಕಿವಿಯ ಕೆಳಗಿನ ಮೆತ್ತನೆಯ ಹಾಲೆಯಲ್ಲಿ ಕೊಬ್ಬು ಮತ್ತು ರಕ್ತನಾಳಗಳಿವೆ. ರಕ್ತ ಓಡಾಡುವ ಕಡೆಗೆ ದೇಹದ ಕಾವಲುಗಾರರೂ ಬೇಗ ತಲುಪುತ್ತಾರೆ. ಹಾಗಾಗಿ ಅಲ್ಲಿ ಚುಚ್ಚಿದ ತೂತು ಸಾಮಾನ್ಯವಾಗಿ ಆರರಿಂದ ಎಂಟು ವಾರದಲ್ಲಿ ಒಣಗುತ್ತದೆ, ಸ್ವಲ್ಪ ಕೀವಾದರೂ ವಾಸಿಯಾಗುತ್ತದೆ. ಮೇಲಿನ ಗಟ್ಟಿ ಭಾಗ ಮೃದ್ವಸ್ಥಿ. ಅದರೊಳಗೆ ಸ್ವಂತ ರಕ್ತನಾಳಗಳಿಲ್ಲ. ಮೇಲೆ ಹೊದೆಸಿದ ತೆಳು ಪೊರೆಯಿಂದಲೇ ಅದಕ್ಕೆ ಆಹಾರ ಸಿಗಬೇಕು. ಆ ಪೊರೆಗೂ ಮೃದ್ವಸ್ಥಿಗೂ ನಡುವೆ ಕೀವು ತುಂಬಿದರೆ ಮೃದ್ವಸ್ಥಿ ಉಪವಾಸ ಬಿದ್ದು ಸಾಯುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಇಲ್ಲಿ ನಂಜು ತರುವ ರೋಗಾಣು ಹೆಚ್ಚಾಗಿ ಸ್ಯೂಡೋಮೊನಾಸ್ ಎಂಬ ಜಾತಿಯದು. ನೀರಿನಲ್ಲಿ, ಒದ್ದೆ ಜಾಗಗಳಲ್ಲಿ ಇರುವಂಥದು. ಮನೆಯಲ್ಲಿ ಉಳಿದಿರುವ ಸಾಧಾರಣ ಆ್ಯಂಟಿಬಯೋಟಿಕ್ ಮಾತ್ರೆಗಳು ಅದಕ್ಕೆ ನಾಟುವುದೇ ಇಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ ನುಂಗುತ್ತಾ ಕೂತರೆ ಅಷ್ಟು ದಿನ ಆ ರೋಗಾಣುವಿಗೆ ಬಿಟ್ಟುಕೊಟ್ಟ ಹಾಗೆ.

ಮೇಲ್ಗಿವಿ ಚುಚ್ಚಿಸುವುದು ಈಗಿನವರ ಹುಚ್ಚು ಎಂದು ಹಿರಿಯರು ಗೊಣಗುವುದನ್ನು ಕೇಳಿದ್ದೇನೆ. ಅದು ಅಷ್ಟು ಸರಿಯಲ್ಲ. ಕೊಪ್ಪು, ಬುಗುಡಿ ಎಂದು ನಮ್ಮ ಕಡೆಯ ಅಜ್ಜಿಯಂದಿರು ಹಾಕುತ್ತಿದ್ದ ಆಭರಣಗಳು ಮೇಲ್ಗಿವಿಯವೇ. ತೆಂಕಣ ತಿರುವಾಂಕೂರಿನಿಂದ ಬಂದು ನಮ್ಮ ಮೂಡಣ ಗುಡ್ಡಗಳಲ್ಲಿ ನೆಲೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳ ಅಜ್ಜಿಯರ ಕಿವಿಯ ಮೇಲಂಚಿನಲ್ಲಿ ಚಿನ್ನದ ಉಂಗುರ ನೇತಾಡುತ್ತಿದ್ದುದನ್ನು ನಮ್ಮಲ್ಲಿ ಎಷ್ಟೋ ಮಂದಿ ನೋಡಿದ್ದಾರೆ. ಆಸೆ ಹಳೆಯದೇ. ಬದಲಾಗಿರುವುದು ಚುಚ್ಚುವ ಸಾಧನ. ಹಿಂದೆ ಆಚಾರಿ ಸಪೂರ ಸೂಜಿಯಿಂದಲೋ ಚೂಪು ಮಾಡಿದ ಚಿನ್ನದ ತಂತಿಯಿಂದಲೋ ಚುಚ್ಚುತ್ತಿದ್ದರು. ಈಗ ಅಂಗಡಿಗಳಲ್ಲಿ ಸ್ಪ್ರಿಂಗ್ ಇರುವ ಗನ್ ಬಂದಿದೆ. ಅದು ಹರಿತವಾದ ಸೂಜಿಯಿಂದ ತೂತು ಮಾಡುವುದಿಲ್ಲ. ಮೊಂಡು ಮೊನೆಯ ಆಭರಣವನ್ನೇ ಬಲವಾಗಿ ಗುದ್ದಿ ನುಗ್ಗಿಸುತ್ತದೆ. ಮೆತ್ತನೆಯ ಹಾಲೆ ಅದನ್ನು ತಾಳಿಕೊಂಡೀತು. ಮೃದ್ವಸ್ಥಿ ಒಳಗೊಳಗೇ ಜಜ್ಜಿ ಹೋಗುತ್ತದೆ. ಮೇಲಾಗಿ ಇಂಥ ಬಹಳಷ್ಟು ಗನ್‌ಗಳ ಮೈ ಪ್ಲಾಸ್ಟಿಕ್. ಆಸ್ಪತ್ರೆಯ ಹಬೆ ಯಂತ್ರಕ್ಕೆ ಹಾಕಿದರೆ ಕರಗುತ್ತದೆ. ಅದನ್ನು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿ ಮುಂದಿನ ಗಿರಾಕಿಗೆ ಹಿಡಿಯುತ್ತಾರೆ.

ಶುದ್ಧಿಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಸೂಜಿಯನ್ನು ಮೇಣದ ಬತ್ತಿಯ ಉರಿಯಲ್ಲಿ ಹಿಡಿದರೆ ಮಸಿ ಅಂಟುತ್ತದೆ. ಎಲ್ಲ ರೋಗಾಣು ಸತ್ತವು ಎಂಬ ಭರವಸೆ ಇಲ್ಲ. ನೀರಿನಲ್ಲಿ ಕುದಿಸಿದರೆ ಬಹಳಷ್ಟು ಸಾಯುತ್ತವೆ, ಧನುರ್ವಾಯುವಿನ ಬೀಜಾಣುಗಳು ಮಾತ್ರ ಉಳಿದುಕೊಳ್ಳಬಹುದು. ಆಸ್ಪತ್ರೆಯ ಆಟೋಕ್ಲೇವ್ ನಮ್ಮ ಪ್ರೆಶರ್ ಕುಕ್ಕರಿನ ಅಣ್ಣನೇ: ಒತ್ತಡದಲ್ಲಿ ಹಬೆ 121 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ, ಅಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಬೀಜಾಣುಗಳೂ ಉಳಿಯುವುದಿಲ್ಲ. ಕಣ್ಣೆದುರಿಗೇ ಪ್ಯಾಕೆಟ್ ಒಡೆದು ತೆಗೆದ ಹೊಸ ಸೂಜಿ ಇನ್ನೂ ಸುಲಭ. ಕೆಲವು ರೂಪಾಯಿಯ ಸಾಮಾನು. "ಹೊಸತು ತೆಗೆಯಿರಿ" ಎಂದು ಹೇಳಲು ಸಂಕೋಚ ಏಕೆ? ಅಂಗಡಿಯಲ್ಲಿ ಗೊಬ್ಬರದ ಚೀಲದ ಹೊಲಿಗೆ ಬಿಚ್ಚಿದ್ದರೆ ನಾವು ತಗೊಳ್ಳುವುದಿಲ್ಲವಲ್ಲ.

ಹಟ್ಟಿಯ ಕೆಲಸ, ಹಸಿ ತೂತು

ರೈತರ ಮನೆಯವರಿಗೆ ಪೇಟೆಯವರಿಗಿಂತ ಹೆಚ್ಚಿನ ಒಂದು ಅಪಾಯವಿದೆ. ಧನುರ್ವಾಯುವಿನ ಬೀಜಾಣುಗಳು ದನ, ಕುದುರೆ, ಆಡುಗಳ ಕರುಳಿನಲ್ಲಿ ವಾಸಿಸಿ ಸೆಗಣಿಯೊಂದಿಗೆ ಮಣ್ಣಿಗೆ ಸೇರುತ್ತವೆ, ಅಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತವೆ. ಹಸಿ ಗಾಯವೊಂದು ಸಿಕ್ಕಿದರೆ ಎಚ್ಚರಗೊಳ್ಳುತ್ತವೆ. ಹೊಕ್ಕುಳ ಬಳ್ಳಿಗೆ ಸೆಗಣಿ ಬೂದಿ ಹಚ್ಚಿದ ಎಳೆ ಕೂಸುಗಳು ಸೆಟೆದು ಸಾಯುತ್ತಿದ್ದ ಕಾಲ ನನ್ನ ತರಬೇತಿಯ ದಿನಗಳಲ್ಲೂ ಇತ್ತು. ಗರ್ಭಿಣಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಇವುಗಳಿಂದ 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ತೊಲಗಿಸಿದ ದೇಶ ಎಂಬ ಮನ್ನಣೆ ಪಡೆಯಿತು. ಆದರೆ ಬೀಜಾಣು ಮಣ್ಣಿನಿಂದ ಹೋಗಿಲ್ಲ, ಹೋಗುವುದೂ ಇಲ್ಲ. ನಲ್ವತ್ತು ಐವತ್ತು ದಾಟಿದ ಗಂಡಸರಲ್ಲಿ ಕೊನೆಯ ಟಿ.ಟಿ. ಯಾವಾಗ ಹಾಕಿಸಿಕೊಂಡಿರಿ ಎಂದು ಕೇಳಿದರೆ ತಲೆ ಕೆರೆದುಕೊಳ್ಳುವವರೇ ಹೆಚ್ಚು. ಈಗ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದರ ಬದಲಿಗೆ ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಕೊಡುತ್ತಾರೆ. ಹತ್ತು ವರ್ಷ ಕಳೆದಿದ್ದರೆ ತೂತು ಹಾಕಿಸುವ ಮೊದಲೇ ಒಂದು ಹಾಕಿಸಿಕೊಳ್ಳಿ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ಕೆಸರಿನಲ್ಲಿ ಮೆಲಿಯೋಯ್ಡೋಸಿಸ್ ಎಂಬ ಇನ್ನೊಂದು ನಂಜಿನ ರೋಗಾಣುವೂ ಇದೆ. ಸಕ್ಕರೆ ಕಾಯಿಲೆಯವರಿಗೆ ಇದು ಪ್ರಾಣಕ್ಕೇ ತರುವಂಥದು. ಗದ್ದೆಗೆ ಇಳಿಯುವವರು, ತೋಟದ ಕಣಿ ಬಿಡಿಸುವವರು ಜೂನ್‌ನಿಂದ ಸೆಪ್ಟೆಂಬರ್ ತನಕ ಮೈಯಲ್ಲಿ ಹೊಸ ಗಾಯ ಮಾಡಿಸಿಕೊಳ್ಳದಿರುವುದೇ ಬುದ್ಧಿವಂತಿಕೆ. ಮಗುವಿನ ಕಿವಿ ಚುಚ್ಚಿಸುವುದಿದ್ದರೆ ಮಳೆ ನಿಂತ ಮೇಲೆ, ಲಸಿಕೆಗಳೆಲ್ಲ ಆದ ಮೇಲೆ ಚುಚ್ಚಿಸಿ. ತೂತು ಒಣಗುವ ತನಕ ದಿನಕ್ಕೆ ಎರಡು ಸಲ ಕುದಿಸಿ ಆರಿಸಿದ ಉಪ್ಪು ನೀರಿನಲ್ಲಿ ಒರೆಸಿದರೆ ಸಾಕು. ತೆಂಗಿನ ಗರಿಯ ಕಡ್ಡಿ ಸಿಕ್ಕಿಸಿ ಇಡುವುದು ಬೇಡ, ಅದರ ನಾರು ಒಳಗೆ ಉಳಿಯುತ್ತದೆ. ತೂತು ತುರಿಸಿ, ಕೀವಿಲ್ಲದೆ ಬರೇ ನೀರು ಒಸರುತ್ತಿದ್ದರೆ ಅದು ನಂಜಲ್ಲ, ಹೆಚ್ಚಾಗಿ ನಿಕ್ಕಲ್‌ನ ಅಲರ್ಜಿ. ಜಾತ್ರೆಯ ಅಂಗಡಿಯ ಬಂಗಾರದ ಬಣ್ಣದ ಲೋಲಾಕಿನೊಳಗೆ ಇರುವುದು ಅದೇ ನಿಕ್ಕಲ್.

ಬಾಲ್ಯದಲ್ಲಿ ಸಂಧಿವಾತ ಜ್ವರ ಬಂದು ಹೃದಯದ ಕವಾಟ ಹಾಳಾದವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಗಾಯವಾದಲ್ಲೆಲ್ಲ ಗಂಟುಗಂಟಾಗಿ ಚರ್ಮ ಬೆಳೆಯುವ ಮನೆತನದವರು ತಮ್ಮ ಡಾಕ್ಟರನ್ನು ಕೇಳದೆ ಕಿವಿ, ಮೂಗು, ನಾಲಗೆ ಯಾವುದಕ್ಕೂ ಸೂಜಿ ತಾಗಿಸಬಾರದು.

ಹಚ್ಚೆ

ಹಚ್ಚೆಯೂ ನಮಗೆ ಹೊಸತಲ್ಲ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಅಜ್ಜಿಯರ ಮುಂಗೈಯಲ್ಲಿ ಹಸಿರು ಚುಕ್ಕಿಗಳ ರಂಗೋಲಿ ಇರುತ್ತಿತ್ತು. ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರು ಮಣಿಕಟ್ಟಿನಲ್ಲಿ ಶಿಲುಬೆಯ ಹಚ್ಚೆ ಹಾಕಿಸಿಕೊಳ್ಳುವುದು ಇಂದಿಗೂ ಇದೆ. ಹಾಗಾಗಿ ಹಚ್ಚೆ ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನ ತಕರಾರು ಸೂಜಿಯದು, ಬಣ್ಣದ ಕಪ್ಪಿನದು.

ಹಚ್ಚೆಯ ಯಂತ್ರದ ಸೂಜಿ ನಿಮಿಷಕ್ಕೆ ಸಾವಿರಾರು ಸಲ ಚರ್ಮದ ಎರಡನೇ ಪದರಕ್ಕೆ ಇಳಿದು ಏಳುತ್ತದೆ. ಪ್ರತಿ ಸಲವೂ ಒಂದಿಷ್ಟು ರಕ್ತ. ಅದೇ ಸೂಜಿ ಮತ್ತೆ ಬಣ್ಣದ ಕಪ್ಪಿಗೆ ಮುಳುಗುತ್ತದೆ. ಜಾತ್ರೆಯ ಬದಿಯಲ್ಲಿ ಬ್ಯಾಟರಿ ಇಟ್ಟುಕೊಂಡು ಕೂತವರು ಒಬ್ಬನ ಕೈ ಮುಗಿಸಿ ಬಟ್ಟೆಯಲ್ಲಿ ಒರೆಸಿ ಇನ್ನೊಬ್ಬನ ಕೈ ಹಿಡಿಯುವುದನ್ನು ನಾನೇ ನೋಡಿದ್ದೇನೆ. ಸೂಜಿ ಬದಲಿಸಿದರೂ ಕಪ್ಪಿನ ಬಣ್ಣ ಬದಲಿಸದಿದ್ದರೆ ಫಲವಿಲ್ಲ. ಇದನ್ನು ಹೆಚ್ಚಿನವರು ಯೋಚಿಸಿಯೇ ಇಲ್ಲ.

ಇಲ್ಲಿ ಎಲ್ಲರೂ ಹೆದರುವುದು ಎಚ್.ಐ.ವಿ.ಗೆ. ಹೆದರಬೇಕಾದದ್ದೇ. ಆದರೆ ಹೆಪಟೈಟಿಸ್ ಬಿ, ಅಂದರೆ ರಕ್ತದಿಂದ ಹರಡುವ ಕಾಮಾಲೆ, ಅದಕ್ಕಿಂತ ಎಷ್ಟೋ ಪಾಲು ಸುಲಭವಾಗಿ ಅಂಟುತ್ತದೆ. ಆಸ್ಪತ್ರೆ ಸಿಬ್ಬಂದಿಗೆ ರೋಗಿಗಳ ಸೂಜಿ ಅಕಸ್ಮಾತ್ ಚುಚ್ಚಿದ ಪ್ರಕರಣಗಳಿಂದ ತಿಳಿದಿರುವ ಲೆಕ್ಕ ಹೀಗಿದೆ: ಎಚ್.ಐ.ವಿ. ಇರುವವರ ಸೂಜಿಯಾದರೆ ಸಾವಿರದಲ್ಲಿ ಸುಮಾರು 3 ಮಂದಿಗೆ, ಹೆಪಟೈಟಿಸ್ ಸಿ ಆದರೆ ನೂರರಲ್ಲಿ ಹೆಚ್ಚೆಂದರೆ 2 ಮಂದಿಗೆ ಅಂಟುತ್ತದೆ. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಲ್ಲಿ ನೂರಕ್ಕೆ 6ರಿಂದ 30 ಮಂದಿಗೆ. ಅದರ ವೈರಸ್ ಒಣಗಿದ ರಕ್ತದ ಕಲೆಯಲ್ಲಿಯೂ ಕನಿಷ್ಠ 7 ದಿನ ಜೀವದಿಂದಿರಬಲ್ಲದು. ಅಂಟಿದ ಎಷ್ಟೋ ಮಂದಿಗೆ ಕಣ್ಣು ಹಳದಿಯಾಗುವುದೂ ಇಲ್ಲ. ವರ್ಷಗಳ ಬಳಿಕ ಹೊಟ್ಟೆಯಲ್ಲಿ ನೀರು ತುಂಬಿದಾಗಲೋ ರಕ್ತದಾನಕ್ಕೆ ಹೋದಾಗಲೋ ಗೊತ್ತಾಗುತ್ತದೆ. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ, ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ ಹೋಗುವ ಕಾಯಿಲೆ ಇದು. ಹಾಗಾಗಿ ಜಾತ್ರೆಯ ಆ ಐದು ನಿಮಿಷ ಒಬ್ಬನ ಕೈಯಲ್ಲಿಗೇ ಮುಗಿಯುವುದಿಲ್ಲ.

ಸಂತೋಷದ ಸಂಗತಿ ಎಂದರೆ ಇದಕ್ಕೆ ಲಸಿಕೆ ಇದೆ. 2011ರ ಹೊತ್ತಿಗೆ ಇದು ದೇಶದ ಎಲ್ಲ ಶಿಶುಗಳ ಲಸಿಕೆ ಪಟ್ಟಿಗೆ ಸೇರಿತು. ಅದಕ್ಕಿಂತ ಮೊದಲು ಹುಟ್ಟಿದ ನಮ್ಮ ಯುವಕ ಯುವತಿಯರಲ್ಲಿ ಬಹಳಷ್ಟು ಮಂದಿಗೆ ಸಿಕ್ಕಿರಲಿಕ್ಕಿಲ್ಲ. ದೊಡ್ಡವರಿಗೆ ಮೂರು ಚುಚ್ಚುಮದ್ದು: ಇವತ್ತು ಒಂದು, ತಿಂಗಳ ಬಳಿಕ ಇನ್ನೊಂದು, ಆರನೇ ತಿಂಗಳಲ್ಲಿ ಕೊನೆಯದು. ಹಸುಗಳ ಕಾಲುಬಾಯಿ ಜ್ವರದ ಲಸಿಕೆಯ ತಾರೀಕು ಬಾಯಿಪಾಠ ಇರುವ ಮನೆಗಳಲ್ಲಿ ಮಕ್ಕಳ ಈ ಮೂರು ತಾರೀಕನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಬಹುದು. ಹೆಪಟೈಟಿಸ್ ಸಿ.ಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ ಮೂರು ತಿಂಗಳು ಮಾತ್ರೆ ತಿಂದರೆ ಬಹುಪಾಲು ಮಂದಿಗೆ ಪೂರ್ತಿ ಗುಣವಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದರ ಪರೀಕ್ಷೆಯೂ ಮಾತ್ರೆಯೂ ಉಚಿತ.

ಛತ್ತೀಸ್‌ಗಢದ ಕಡೆಯಿಂದ ಚರ್ಮವೈದ್ಯರು ಬರೆದಿರುವ ವರದಿಗಳನ್ನು ಓದಿ ನನಗೇ ಆಶ್ಚರ್ಯವಾಯಿತು. ರಸ್ತೆ ಬದಿಯಲ್ಲಿ ಹಚ್ಚೆ ಹಾಕಿಸಿಕೊಂಡವರಿಗೆ ಹತ್ತಾರು ವರ್ಷದ ಬಳಿಕ ಆ ಹಚ್ಚೆಯ ಗೆರೆಯ ಮೇಲೆಯೇ ಕುಷ್ಠರೋಗದ ಮಚ್ಚೆ ಕಾಣಿಸಿಕೊಂಡಿತ್ತು. ಹಳೆಯ ಹಚ್ಚೆಯ ಸುತ್ತ ಬಿಳಿಚಿದ, ಮುಟ್ಟಿದರೆ ಸ್ಪರ್ಶ ತಿಳಿಯದ ಮಚ್ಚೆ ಎದ್ದರೆ ತೋರಿಸಲು ತಡ ಮಾಡಬೇಡಿ. ಆ ರೋಗಕ್ಕೂ ಉಚಿತ ಔಷಧಿ ಇದೆ, ಗುಣವಾಗುತ್ತದೆ.

ಇನ್ನು ಬಣ್ಣಗಳು. ಕೆಂಪು ಬಣ್ಣ ತುರಿಸುವುದು, ದಪ್ಪವಾಗುವುದು ಹೆಚ್ಚು. ಯುರೋಪಿನ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಬಣ್ಣಗಳಲ್ಲಿನ ಸಾವಿರಾರು ರಾಸಾಯನಿಕಗಳ ಮೇಲೆ ನಿರ್ಬಂಧ ಹಾಕಿದೆ. ಜಾತ್ರೆಯ ಕಪ್ಪಿನಲ್ಲಿ ಏನಿದೆ ಎಂದು ಹಾಕುವವನಿಗೇ ತಿಳಿದಿರುವುದಿಲ್ಲ. ಮದುವೆ ಮನೆಗಳಲ್ಲಿ ಬೇಗ ಕಪ್ಪಾಗಲಿ ಎಂದು ಮೆಹಂದಿಗೆ ಕೂದಲಿನ ಡೈ ಕಲಸುವುದೂ ಇದೇ ಸಾಲಿಗೆ ಸೇರಿದ್ದು. ಅದರಲ್ಲಿರುವ ಪಿ.ಪಿ.ಡಿ. ಎಂಬ ವಸ್ತು ಕೆಲವರ ಕೈಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಒಮ್ಮೆ ಹಾಗಾದವರಿಗೆ ಮುಂದೆ ಜೀವಮಾನವಿಡೀ ಕೂದಲಿನ ಡೈ ಆಗಿಬರುವುದಿಲ್ಲ. ಮದರಂಗಿ ಸೊಪ್ಪು ಅರೆದು ಹಚ್ಚಿದರೆ ಕೆಂಪೇ ಬರುತ್ತದೆ, ಕಪ್ಪು ಬರುವುದಿಲ್ಲ.

ಸೈನ್ಯಕ್ಕೆ ಸೇರುವ ಆಸೆ ಇರುವ ಹುಡುಗರು ಗಮನಿಸಬೇಕಾದ ಮಾತೊಂದಿದೆ. ಭೂಸೇನೆಯ ನೇಮಕಾತಿಯಲ್ಲಿ ಮುಂಗೈಯ ಒಳಮೈ ಮತ್ತು ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆ ಇದ್ದರೆ ತಿರಸ್ಕರಿಸುತ್ತಾರೆ. ಬುಡಕಟ್ಟಿನ ಸಂಪ್ರದಾಯದವರಿಗೆ ಮಾತ್ರ ವಿನಾಯಿತಿ. ರಕ್ತದಾನಿಗಳೂ ಹಚ್ಚೆ ಅಥವಾ ತೂತು ಹಾಕಿಸಿದ ದಿನದಿಂದ 12 ತಿಂಗಳು ರಕ್ತ ಕೊಡುವಂತಿಲ್ಲ. ಶಿಬಿರದಲ್ಲಿ ಕೇಳಿದಾಗ ಮುಚ್ಚಿಡಬೇಡಿ.

ಗೇರೆಣ್ಣೆಯಿಂದ ಅಳಿಸಲು ಹೋದವನು

ಹಾಕಿಸಿದ ಹೆಸರು ಬೇಡವಾಗುವ ದಿನವೂ ಬರುತ್ತದೆ. ಮದುವೆ ನಿಶ್ಚಯವಾದ ಹುಡುಗನೊಬ್ಬ ತೋಳಿನ ಮೇಲಿದ್ದ ಬೇರೆ ಹೆಸರನ್ನು ಅಳಿಸಲು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿಕೊಂಡಿದ್ದ. ಗೇರುಬೀಜ ಸುಟ್ಟು ಜಜ್ಜಿ ಬೆಳೆದ ನಮಗೆ ಆ ಎಣ್ಣೆಯ ಗುಣ ಹೇಳಿಕೊಡಬೇಕಿಲ್ಲ, ಬಾಲ್ಯದಲ್ಲಿ ತುಟಿ ಸುಟ್ಟುಕೊಳ್ಳದವರು ಯಾರಿದ್ದಾರೆ! ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಎಂಬ ವಸ್ತುಗಳು ಅದರಲ್ಲಿವೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಡುಗೇರಿನ ಕಾಯಿಯೂ ಅದೇ ಕುಲದ್ದು, ಅದೂ ಚರ್ಮವನ್ನು ಸುಡುತ್ತದೆ. ಹುಡುಗನ ತೋಳಿನಲ್ಲಿ ಅಂಗೈಯಗಲ ಗಾಯವಾಯಿತು, ಮೈಯೆಲ್ಲ ತುರಿಕೆ ಎದ್ದಿತು, ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಹೆಸರು ಅರ್ಧ ಹೋಯಿತು, ಅರ್ಧ ಉಳಿಯಿತು. ಸುಣ್ಣ, ಆ್ಯಸಿಡ್, ಉಪ್ಪು ಕಾಗದ ಎಲ್ಲವೂ ಇದೇ ಕಥೆ. ಬಣ್ಣ ಕೂತಿರುವುದು ಒಳಪದರದಲ್ಲಿ. ಅಲ್ಲಿಯ ತನಕ ಸುಟ್ಟರೆ ಕಲೆ ಖಂಡಿತ. ಚರ್ಮವೈದ್ಯರ ಲೇಸರ್ ಬಣ್ಣದ ಕಣಗಳನ್ನು ಒಡೆದು ಪುಡಿ ಮಾಡುತ್ತದೆ, ಪುಡಿಯನ್ನು ದೇಹವೇ ಸಾಗಿಸುತ್ತದೆ. ಆರೆಂಟು ವಾರಕ್ಕೊಮ್ಮೆಯಂತೆ ಹಲವು ಸಲ ಹೋಗಬೇಕು, ಖರ್ಚೂ ಇದೆ. ಕಪ್ಪು ಬಣ್ಣ ಸುಲಭವಾಗಿ ಹೋಗುತ್ತದೆ, ಹಸಿರು ಹಳದಿ ಹಟ ಮಾಡುತ್ತವೆ.

ಹೇಳಲು ನಾಚುವ ಮಾತು

ಈ ಹಾಳೆಯನ್ನು ಮನೆಯಲ್ಲಿ ಅಜ್ಜನಿಂದ ಹಿಡಿದು ಶಾಲೆಯ ಮಕ್ಕಳ ತನಕ ಓದುತ್ತಾರೆ ಎಂಬುದು ನನಗೆ ಗೊತ್ತು. ಆದರೂ ಮುಂದಿನ ನಾಲ್ಕು ಮಾತು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ.

ಸೇವೆಯಲ್ಲಿದ್ದಾಗ ಒಂದು ರಾತ್ರಿ ಪಾಳಿಯಲ್ಲಿ ಇಪ್ಪತ್ತರ ಆಸುಪಾಸಿನ ಕೃಷಿಕರ ಮಗನೊಬ್ಬ ಬಂದ. ಯಂತ್ರದ ಒಂದು ವಾಷರನ್ನು ಮರ್ಮಾಂಗಕ್ಕೆ ಸಿಕ್ಕಿಸಿಕೊಂಡು ತೆಗೆಯಲಾಗದೆ ಎರಡು ರಾತ್ರಿ ಮನೆಯಲ್ಲೇ ಒದ್ದಾಡಿದ್ದ. ಯಾರೋ ಗೆಳೆಯ ಹೇಳಿದ್ದು, ಅಥವಾ ಮೊಬೈಲಿನಲ್ಲಿ ನೋಡಿದ್ದು. ನಮ್ಮ ಸಿಬ್ಬಂದಿಯಲ್ಲಿ ಒಂದಿಬ್ಬರು ಪರದೆಯ ಆಚೆ ನಕ್ಕರು. ಅವನಿಗೆ ಕೇಳಿಸಿತು. ಆ ಹುಡುಗನ ಮುಖ ನನಗೆ ಇನ್ನೂ ನೆನಪಿದೆ, ನಕ್ಕವರನ್ನು ಅಲ್ಲಿಯೇ ತಡೆಯಲಿಲ್ಲ ಎಂಬುದೂ ನೆನಪಿದೆ. ಲೋಹ ಕತ್ತರಿಸುವ ಸಾಧನ ತರಿಸಿ ತೆಗೆದರು. ಜೀವಕ್ಕೆ ಅಪಾಯವಾಗಲಿಲ್ಲ, ಚರ್ಮ ಒಂದಷ್ಟು ಸತ್ತಿತ್ತು, ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಬೇಕಾಯಿತು.

ಬಿಗಿಯಾದ ಬಳೆ ಯಾವುದೇ ಅಂಗಕ್ಕೆ ಬಿದ್ದರೂ ಆಗುವುದು ಒಂದೇ. ರಕ್ತ ಒಳಗೆ ಹೋಗುತ್ತದೆ, ಹೊರಗೆ ಬರುವ ನಾಳಗಳು ಒತ್ತಿ ಮುಚ್ಚುತ್ತವೆ. ಊದುತ್ತದೆ, ಊದಿದಷ್ಟೂ ಬಿಗಿಯಾಗುತ್ತದೆ. ಕೊನೆಗೆ ರಕ್ತ ಒಳಗೆ ಹೋಗುವುದೂ ನಿಲ್ಲುತ್ತದೆ. ನೋವು ತಾನಾಗಿ ಕಡಿಮೆಯಾಗಿ ಜೋಮು ಹಿಡಿದರೆ ಅದು ವಾಸಿಯಾದ ಲಕ್ಷಣವಲ್ಲ, ಅಂಗ ಸಾಯುತ್ತಿರುವ ಲಕ್ಷಣ. ಇಲ್ಲಿ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ. ಬೆರಳಿಗೆ ಸಿಕ್ಕಿದ ಉಂಗುರ ಕತ್ತರಿಸಲು ಜನ ಕೇರಳದ ಅಗ್ನಿಶಾಮಕ ಠಾಣೆಗೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇಂಥ ಸಂದರ್ಭದಲ್ಲಿ ಆಸ್ಪತ್ರೆಯವರೂ ಅವರ ಸಾಧನವನ್ನು ತರಿಸುವುದುಂಟು. ಹಾಗಾಗಿ ಹೇಗೆ ತೆಗೆಯುತ್ತಾರೋ ಎಂಬ ಹೆದರಿಕೆ ಬೇಡ.

ದೊಡ್ಡದಾಗಲಿ ಎಂದು ಅಲ್ಲಿಗೆ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಚರ್ಮದಡಿ ಚುಚ್ಚಿಸಿಕೊಳ್ಳುವುದೂ ಇದೆ. ಜೆಲ್ಲಿಯನ್ನು ಹೀಗೆ ಚುಚ್ಚುವುದನ್ನು 1899ರಲ್ಲಿ ವಿಯೆನ್ನಾದ ವೈದ್ಯ ರಾಬರ್ಟ್ ಗೆರ್ಸುನಿ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದರ ದುಷ್ಪರಿಣಾಮ ತಿಳಿದು ವೈದ್ಯರು ಕೈಬಿಟ್ಟರು. ಎಣ್ಣೆ ಕರಗುವುದಿಲ್ಲ, ಗಡ್ಡೆ ಕಟ್ಟುತ್ತದೆ, ಹುಣ್ಣಾಗುತ್ತದೆ, ಕೆಲವೊಮ್ಮೆ ಚರ್ಮವನ್ನೇ ಕತ್ತರಿಸಿ ಬೇರೆ ಕಡೆಯ ಚರ್ಮ ಕಸಿ ಮಾಡಬೇಕಾಗುತ್ತದೆ. ವೈದ್ಯರು ನೂರು ವರ್ಷ ಹಿಂದೆ ಬಿಟ್ಟದ್ದನ್ನು ಯಾರೋ ಖೋಲಿಯೊಳಗೆ ಕೂತು ಇಂದಿಗೂ ಮಾಡುತ್ತಿದ್ದಾರೆ. ಇನ್ನು ಆ ಭಾಗದಲ್ಲಿ ತೂತು ಹಾಕಿಸಿ ರಿಂಗು ತೊಟ್ಟವರಿಗೆ ಗಾಯ ಒಣಗಲು ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು. ಪೂರ್ತಿ ಒಣಗುವ ತನಕ ಗಂಡ ಹೆಂಡತಿ ಸೇರುವುದು ಇಬ್ಬರಿಗೂ ಅಪಾಯ. ತೆರೆದ ಗಾಯ ಎಂದರೆ ರೋಗಾಣುವಿಗೆ ತೆರೆದ ಬಾಗಿಲು.

ಯಾರದೋ ರಕ್ತ ತಾಗಿದ ಸೂಜಿ ನಿಮಗೆ ಚುಚ್ಚಿದೆ ಎಂಬ ಸಂಶಯವಿದ್ದರೆ ಜಿಲ್ಲಾ ಆಸ್ಪತ್ರೆಗೆ ಆದಷ್ಟು ಬೇಗ, ಸಾಧ್ಯವಾದರೆ ಅದೇ ದಿನ ಹೋಗಿ. ಎಚ್.ಐ.ವಿ. ಅಂಟದಂತೆ ತಡೆಯುವ ಮಾತ್ರೆಗಳನ್ನು 72 ಗಂಟೆಯ ಒಳಗೆ ಶುರುಮಾಡಿ 28 ದಿನ ತಿನ್ನಬೇಕು, ಅದಕ್ಕಿಂತ ತಡವಾದರೆ ಉಪಯೋಗವಿಲ್ಲ. ಹೆಪಟೈಟಿಸ್ ಬಿ.ಯ ಲಸಿಕೆಯನ್ನು 24 ಗಂಟೆಯೊಳಗೆ ಹಾಕಿಸಿದರೆ ಒಳ್ಳೆಯದು. ಹಚ್ಚೆ ಹಾಕಿಸಿ ತಿಂಗಳುಗಳೇ ಆಗಿದ್ದರೆ ಹೆದರಿ ಕೂರುವುದಕ್ಕಿಂತ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಜ್ಯೋತಿಸ್ ಎಂಬ ಹೆಸರಿನ ಕೇಂದ್ರದಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ. ಫಲಿತಾಂಶವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ತಿಳಿಸುವಂತಿಲ್ಲ ಎಂದು 2017ರ ಕಾಯ್ದೆಯೇ ಇದೆ. ಫೋನಿನಲ್ಲಿ ಕೇಳುವುದಿದ್ದರೆ 1097, ದುಡ್ಡು ಬೇಡ, ಹೆಸರೂ ಬೇಡ.

ಕಿವಿ ಮುದುಡಿದ ಆ ಹುಡುಗಿ ಈಗ ಕೆಲಸದಲ್ಲಿದ್ದಾಳೆ. ಕಳೆದ ತಿಂಗಳು ತನ್ನ ತಂಗಿಯನ್ನು ಕಿವಿ ಚುಚ್ಚಿಸಲು ಕರೆದುಕೊಂಡು ಹೋದವಳು ಅವಳೇ. ಆಸ್ಪತ್ರೆಗೇ ಹೋದರು, ಕೆಳಗಿವಿಗೆ, ಹೊಸ ಸೂಜಿ. ಅಮ್ಮನೂ ಜೊತೆಗಿದ್ದರು.

ಈ ವಿಷಯದಲ್ಲಿ ಓದುಗರ ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಚರ್ಚಿನ ಕಚೇರಿಯ ಬಾಗಿಲ ಬಳಿ ಇರುವ ಪೆಟ್ಟಿಗೆಗೆ ಹಾಕಬಹುದು. ಹೆಸರು ಬರೆಯಬೇಕಿಲ್ಲ. ಮುಂದಿನ ಸಂಚಿಕೆಯಲ್ಲಿ ಕಾಳುಮೆಣಸಿನ ಸೊರಗು ರೋಗದೊಂದಿಗೆ ಅವುಗಳಿಗೂ ಉತ್ತರ ಬರೆಯುತ್ತೇನೆ.